ಕೆಲಸ ಬಿಟ್ಟವನ ಹೆಸರಲ್ಲಿ ರಾತ್ರಿ ಬಿದ್ದ ಎಂಟ್ರಿ

ಜನವರಿ ಎರಡನೇ ವಾರ. ತೊಗರಿ ರಾಶಿ ಮುಗಿದು, ಗಂಜ್‌ನಲ್ಲಿ ಕಾಲಿಡಲು ಜಾಗ ಇಲ್ಲದ ದಿನಗಳು. ಬೆಳಿಗ್ಗೆ ಚಹಾ ಕುಡಿಯುತ್ತಾ ಹಿಂದಿನ ರಾತ್ರಿಯ ಲೆಡ್ಜರ್ ನೋಡುತ್ತಿದ್ದೆ. ಹಂಗಾಮಿನಲ್ಲಿ ದಿನಾ ನೋಡುವುದು ರೂಢಿ. ರಾತ್ರಿ 11:40ಕ್ಕೆ ಒಂದು ಎಂಟ್ರಿ ಬಿದ್ದಿತ್ತು. 38 ಚೀಲ ತೊಗರಿ, ತೂಕ, ಲಾಟ್ ನಂಬರ್, ಎಲ್ಲಾ ಸರಿಯಾಗಿದೆ. ಸಹಿ ಮಾತ್ರ ದೀಪಾವಳಿಗೆ ಕೆಲಸ ಬಿಟ್ಟು ಪುಣೆಗೆ ಹೋದ ಹುಡುಗನದು.

ಅವನ ಸರ್ಟಿಫಿಕೇಟ್, ಅಂದರೆ ಲೆಡ್ಜರ್‌ನಲ್ಲಿ ಸಹಿ ಹಾಕಲು ಬೇಕಾದ ಡಿಜಿಟಲ್ ಗುರುತಿನ ಚೀಟಿ, ಅದನ್ನು ರದ್ದು ಮಾಡಿದ್ದು ನಾನೇ. ದಿನಾಂಕ ಕೂಡ ನೆನಪಿದೆ. ಕ್ಲೌಡ್ ಖಾತೆಯಿಂದ ಅವನ ಹೆಸರು ತೆಗೆದು, ಮೊಬೈಲ್ ಆ್ಯಪ್‌ನಲ್ಲಿ ಅವನ ನಂಬರ್ ಬಂದ್ ಮಾಡಿ, ಕೆಲಸ ಮುಗೀತು ಅಂತ ಲ್ಯಾಪ್‌ಟಾಪ್ ಮುಚ್ಚಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಹಾಗಾದರೆ ಎರಡು ತಿಂಗಳು ಬಿಟ್ಟು ಈ ಸಹಿ ಎಲ್ಲಿಂದ ಬಂತು?

ನಾವು ಮೂರು ಜನ, ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತೇವೆ. ತೊಗರಿಯ ಒಂದೊಂದು ಲಾಟ್ ಯಾವ ಊರಿನ ಹೊಲದಿಂದ ಬಂತು, ಯಾವ ಗೋದಾಮಿನಲ್ಲಿ ಎಷ್ಟು ದಿನ ಇತ್ತು, ಯಾವ ಮಿಲ್ಲಿನಲ್ಲಿ ಬೇಳೆ ಆಯಿತು ಅನ್ನುವುದನ್ನು ಬ್ಲಾಕ್‌ಚೈನ್‌ನಲ್ಲಿ, ಅಂದರೆ ಎಲ್ಲಾ ಸದಸ್ಯರ ಹತ್ತಿರವೂ ಪ್ರತಿ ಇರುವ, ಅಳಿಸಲಾಗದ ಒಂದು ವಹಿಯಲ್ಲಿ ಬರೆದಿಡುವ ವ್ಯವಸ್ಥೆ ನಮ್ಮದು. ಒಂದು ರೈತರ ಗುಂಪು, ಒಂದು ಗೋದಾಮು, ಒಂದು ದಾಲ್ ಮಿಲ್, ಬೆಂಗಳೂರಿನ ಒಬ್ಬ ಖರೀದಿದಾರ, ಹೀಗೆ ನಾಲ್ಕು ಸದಸ್ಯರು. 2019ರಲ್ಲಿ ನಮ್ಮ ತೊಗರಿಬೇಳೆಗೆ ಜಿಐ ಟ್ಯಾಗ್ ಸಿಕ್ಕಿದ ಮೇಲೆ, ಇದು ಖರೆ ಕಲಬುರಗಿ ತೊಗರಿನೇನಾ ಅಂತ ದೂರದವರು ಕೇಳುವುದು ಜಾಸ್ತಿ ಆಗಿದೆ. ಅದಕ್ಕೆ ಉತ್ತರ ಕೊಡಬೇಕಾದರೆ ಎಂಟ್ರಿ ಹಾಕಿದವರು ಯಾರು ಅನ್ನುವುದು ಗಟ್ಟಿ ಇರಬೇಕು. ಅದೇ ಸಡಿಲ ಆದರೆ ಉಳಿದದ್ದೆಲ್ಲಾ ವ್ಯರ್ಥ.

ನಾವು ಬಳಸುವುದು ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಅನ್ನುವ ಬ್ಲಾಕ್‌ಚೈನ್ ಸಾಫ್ಟ್‌ವೇರ್. ಬಿಟ್‌ಕಾಯಿನ್ ಥರ ಯಾರು ಬೇಕಾದರೂ ಬಂದು ಸೇರುವ ಜಾಲ ಅಲ್ಲ ಇದು. ಪ್ರತಿಯೊಬ್ಬರಿಗೂ ಸರ್ಟಿಫಿಕೇಟ್ ಇರಬೇಕು, ಅದನ್ನು ಅವರವರ ಸಂಸ್ಥೆಯ ಸರ್ಟಿಫಿಕೇಟ್ ಅಥಾರಿಟಿ, ಅಂದರೆ ಸಿಎ, ಕೊಡುತ್ತದೆ. ಯಾವ ಸಿಎ ಕೊಟ್ಟ ಸರ್ಟಿಫಿಕೇಟನ್ನು ನಂಬಬೇಕು, ಅಡ್ಮಿನ್ ಯಾರು ಅನ್ನುವುದನ್ನೆಲ್ಲಾ ಎಂಎಸ್‌ಪಿ ಅನ್ನುವ ಭಾಗ ಹೇಳುತ್ತದೆ. ಮೆಂಬರ್‌ಶಿಪ್ ಸರ್ವೀಸ್ ಪ್ರೊವೈಡರ್ ಅಂತ ಅದರ ಪೂರ್ತಿ ಹೆಸರು. ಮೊದಲ ಮೀಟಿಂಗಿನಲ್ಲಿ ನಾನು ಎಂಎಸ್‌ಪಿ, ಎಂಎಸ್‌ಪಿ ಅಂತ ಹತ್ತು ಸಲ ಹೇಳಿದೆ. ರೈತರೆಲ್ಲಾ ಬೆಂಬಲ ಬೆಲೆ ಬಗ್ಗೆ ಮಾತಾಡುತ್ತಿದ್ದೇನೆ ಅಂದುಕೊಂಡು ಕಿವಿಗೊಟ್ಟು ಕೇಳಿದರು, ಕೊನೆಗೆ ಒಬ್ಬರು ಈ ವರ್ಷ ಕ್ವಿಂಟಲ್‌ಗೆ ಎಷ್ಟು ಅಂತ ಕೇಳಿದರು. ಅವತ್ತಿನಿಂದ ಅದಕ್ಕೆ 'ಗುರುತಿನ ವಹಿ' ಅನ್ನುತ್ತೇನೆ. ಎಲ್ಲರಿಗೂ ತಿಳಿಯುತ್ತದೆ.

ಈಗ ಆ ಎಂಟ್ರಿಗೆ ಬರೋಣ.

ಕ್ಲೌಡ್‌ನಲ್ಲಿ ಬ್ಲಾಕ್‌ಚೈನ್ ಇಟ್ಟುಕೊಂಡವರು ಮೊದಲು ತಿಳಿಯಬೇಕಾದದ್ದು ಒಂದಿದೆ. ಇಲ್ಲಿ ಬಾಗಿಲು ಒಂದಲ್ಲ. ಕ್ಲೌಡ್ ಖಾತೆಯದ್ದು ಒಂದು. ಯಾರಿಗೆ ಏನು ಅನುಮತಿ ಅಂತ ನೋಡಿಕೊಳ್ಳುವ ಅಮೆಜಾನ್ ಕ್ಲೌಡ್‌ನ ಐಎಎಂ ತಗೊಳ್ಳಿ. ಯಾರು ಹೊಸ ನೋಡ್, ಅಂದರೆ ಜಾಲದ ಕಂಪ್ಯೂಟರ್, ಹುಟ್ಟಿಸಬಹುದು, ಯಾರು ಅಳಿಸಬಹುದು ಅನ್ನುವುದು ಅಲ್ಲಿ ತೀರ್ಮಾನ ಆಗುತ್ತದೆ. ಬ್ಲಾಕ್‌ಚೈನ್ ಗುರುತಿನದು ಇನ್ನೊಂದು. ಸರ್ಟಿಫಿಕೇಟ್ ಮತ್ತು ಅದರ ಪ್ರೈವೇಟ್ ಕೀ (ಸಹಿ ಹಾಕುವ ಗುಟ್ಟಿನ ಫೈಲ್) ಕೈಯಲ್ಲಿದ್ದು, ಪೀರ್ ಅನ್ನು, ಅಂದರೆ ಲೆಡ್ಜರ್‌ನ ಪ್ರತಿ ಇಟ್ಟುಕೊಂಡ ಸದಸ್ಯರ ಕಂಪ್ಯೂಟರನ್ನು, ಜಾಲದಲ್ಲಿ ಮುಟ್ಟಲು ಆದರೆ ಸಾಕು, ಎಂಟ್ರಿ ಹಾಕಬಹುದು. ಆಗ ಐಎಎಂ ಯಾರನ್ನೂ ಏನೂ ಕೇಳುವುದಿಲ್ಲ. ಇನ್ನು ಮೂರನೇದು ನಾವೇ ಕಟ್ಟಿದ ಆ್ಯಪ್‌ನ ಲಾಗಿನ್, ಓಟಿಪಿ ಇತ್ಯಾದಿ. ಒಂದನ್ನು ಮುಚ್ಚಿದರೆ ಇನ್ನೊಂದು ಮುಚ್ಚುವುದಿಲ್ಲ. ಒಂದರ ದಾಖಲೆಯಲ್ಲಿ ಇನ್ನೊಂದು ಕಾಣುವುದೂ ಇಲ್ಲ. ಅಮೆಜಾನ್ ಖಾತೆಯ ದಾಖಲೆ ಇಡುವ ಕ್ಲೌಡ್‌ಟ್ರೇಲ್ ತೆಗೆದರೆ 90 ದಿನದ ಹಿಂದಿನವರೆಗೆ ಖಾತೆಯಲ್ಲಿ ಯಾರು ಏನು ಬದಲಿಸಿದರು ಅಂತ ಸಿಗುತ್ತದೆ, ಆದರೆ 38 ಚೀಲದ ಸುದ್ದಿ ಅಲ್ಲಿ ಇರುವುದೇ ಇಲ್ಲ.

ನಾನು ಮೂರೂ ಬಾಗಿಲು ಮುಚ್ಚಿದ್ದೇನೆ ಅಂದುಕೊಂಡಿದ್ದೆ. ಖರೆ ಹೇಳಬೇಕೆಂದರೆ ಒಂದನೇದು, ಮೂರನೇದು ಮುಚ್ಚಿತ್ತು, ಬ್ಲಾಕ್‌ಚೈನ್ ಗುರುತಿನ ಎರಡನೇದು ಅರ್ಧಕ್ಕೆ ನಿಂತಿತ್ತು.

ಫ್ಯಾಬ್ರಿಕ್‌ನಲ್ಲಿ ಸಿಎಗೆ ಹೋಗಿ ರಿವೋಕ್ ಅಂತ ಕಮಾಂಡ್ ಕೊಟ್ಟರೆ, ಈ ಸರ್ಟಿಫಿಕೇಟ್ ರದ್ದು ಅಂತ ಸಿಎ ತನ್ನ ಡೇಟಾಬೇಸ್‌ನಲ್ಲಿ ಬರೆದುಕೊಳ್ಳುತ್ತದೆ. ಅಷ್ಟೇ. ಎಂಟ್ರಿ ಒಪ್ಪಿಕೊಳ್ಳುವ ಪೀರ್‌ಗೆ ಅದು ಗೊತ್ತಾಗುವುದಿಲ್ಲ, ಯಾಕೆಂದರೆ ಪೀರ್ ಪ್ರತಿ ಸಲ ಸಿಎಗೆ ಫೋನ್ ಹಚ್ಚಿ ಕೇಳುವುದಿಲ್ಲ. ಸದಸ್ಯರೆಲ್ಲಾ ಸೇರಿ ಹಂಚಿಕೊಂಡ ಜಾಲಕ್ಕೆ ಚಾನೆಲ್ ಅನ್ನುತ್ತಾರೆ, ಅದರ ಕಾನ್ಫಿಗರೇಷನ್ ಒಳಗಿರುವ ಗುರುತಿನ ವಹಿಯನ್ನು ಮಾತ್ರ ನೋಡುತ್ತದೆ. ರದ್ದಾದವರ ಪಟ್ಟಿ, ಅಂದರೆ ಸಿಆರ್‌ಎಲ್, ಅದನ್ನು ಸಿಎಯಿಂದ ಬೇರೆಯಾಗಿ ತೆಗೆಯಬೇಕು, ಆಮೇಲೆ ಆ ಸಂಸ್ಥೆಯ ಅಡ್ಮಿನ್ ಸಹಿ ಹಾಕಿ ಚಾನೆಲ್ ಕಾನ್ಫಿಗರೇಷನ್‌ಗೆ ಸೇರಿಸಬೇಕು. ಆಗ ಮಾತ್ರ ಎಲ್ಲಾ ಪೀರ್‌ಗಳಿಗೂ ಸುದ್ದಿ ಮುಟ್ಟುತ್ತದೆ. ನಾನು ಮಾಡಿದ್ದು ಹೇಗಿತ್ತೆಂದರೆ, ಇವನು ಕೆಲಸ ಬಿಟ್ಟಿದ್ದಾನೆ ಅಂತ ಆಫೀಸಿನ ರಿಜಿಸ್ಟರ್‌ನಲ್ಲಿ ಬರೆದು ಗೇಟಿನ ವಾಚ್‌ಮನ್‌ಗೆ ಹೇಳದೇ ಮನೆಗೆ ಹೋದ ಹಾಗೆ. ದಸ್ತಾವೇಜಿನಲ್ಲಿ ಇದು ಸ್ಪಷ್ಟವಾಗಿಯೇ ಇದೆ. ಓದಿದ್ದೆ ಕೂಡ. ಆದರೆ ಪರೀಕ್ಷೆ ಮಾಡಿ ನೋಡಿರಲಿಲ್ಲ. ರದ್ದು ಮಾಡಿದ ಮೇಲೆ ಅದೇ ಸರ್ಟಿಫಿಕೇಟ್‌ನಿಂದ ಒಂದು ಎಂಟ್ರಿ ಹಾಕಲು ಹೋಗಿ, ಪೀರ್ ಬೇಡ ಅನ್ನುವುದನ್ನು ಕಣ್ಣಾರೆ ನೋಡಬೇಕಿತ್ತು. ಐದು ನಿಮಿಷದ ಕೆಲಸ.

ಸಹಿ ಅವನದು ಸರಿ, ಒತ್ತಿದ್ದು ಯಾರು? ಅದನ್ನು ಹುಡುಕಿಕೊಂಡು ಮಿಲ್ಲಿಗೆ ಹೋದೆ.

ಆ ಮಿಲ್ಲಿನ ಮುನೀಮ ಕಾಕಾ ನಲವತ್ತು ವರ್ಷದಿಂದ ತೊಗರಿ ಲೆಕ್ಕ ಬರೆದವರು. ಸೊಂಟದಲ್ಲಿ ಕೀಲಿಕೈ ಗೊಂಚಲು, ನಡೆದರೆ ಸಪ್ಪಳ ಬರುತ್ತದೆ. ನಾನು ಹೋದಾಗ ಹಮಾಲರು ಚೀಲ ಇಳಿಸುತ್ತಿದ್ದರು, ಎಲ್ಲಾ ಕಡೆ ಧೂಳು, ಹೊಟ್ಟಿನ ವಾಸನೆ. ಕಾಟಾ ಪಕ್ಕದ ಟೇಬಲ್ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಒಂದು ಹಳೇ ಕಂಪ್ಯೂಟರ್. ತೂಕ ಬಂದ ತಕ್ಷಣ ತಾನೇ ಲೆಡ್ಜರ್‌ಗೆ ಕಳಿಸುವ ಸಣ್ಣ ಪ್ರೋಗ್ರಾಂ ಅದರಲ್ಲಿದೆ. ಆ ಹುಡುಗ ಅದನ್ನು ಕೂಡಿಸುವಾಗ ಯಂತ್ರಕ್ಕೆ ಅಂತ ಬೇರೆ ಗುರುತು ಕೇಳದೇ, ತನ್ನದೇ ಸರ್ಟಿಫಿಕೇಟ್ ಮತ್ತು ಕೀ ಆ ಫೋಲ್ಡರ್‌ನಲ್ಲಿ ಹಾಕಿ ಹೋಗಿದ್ದ. ಕೆಟ್ಟ ಬುದ್ಧಿಯಿಂದ ಅಲ್ಲ, ಅವತ್ತು ಹಂಗಾಮಿನ ಗಡಿಬಿಡಿ ಇತ್ತು. ದೀಪಾವಳಿಯಿಂದ ಜನವರಿವರೆಗೆ ಆ ಕಂಪ್ಯೂಟರ್ ಬಂದ್ ಇತ್ತು. ಹಿಂದಿನ ರಾತ್ರಿ ಲಾರಿ ತಡವಾಗಿ ಬಂತು, ಯಾರೋ ಚಾಲೂ ಮಾಡಿದರು, ತೂಕ ಆಯಿತು, ಸಹಿ ಬಿತ್ತು. ಚೀಲ ಖರೆ, ತೂಕ ಖರೆ. ಸಹಿ ಒಂದೇ ಸುಳ್ಳು.

ಕಾಕಾಗೆ ವಿಷಯ ಬಿಡಿಸಿ ಹೇಳಿದೆ. ಅವರು ಗೊಂಚಲು ಕೈಯಲ್ಲಿ ಹಿಡಿದು ಕೇಳಿದರು: "ಅಂವ ಕೀಲಿಕೈ ವಾಪಸ್ ಕೊಟ್ಟಿದ್ನಿಲ್ಲೋ?"

"ಅದಕ್ಕೆ ವಾಪಸ್ ಕೊಡೋದು ಅಂತ ಇಲ್ಲ ಕಾಕಾ. ಫೈಲ್ ಅದು. ನಕಲು ಎಲ್ಲಿ ಬೇಕಾದ್ರೂ ಇರ್ಬಹುದು."

"ಹಂಗಾದ್ರ ಕೀಲಿನೇ ಬದ್ಲಿ ಮಾಡ್ಬೇಕವ್ವಾ. ನಮ್ಮ ಅಡತ್ ಅಂಗಡ್ಯಾಗ ಆಳು ಬಿಟ್ಟ ಅಂದ್ರ, ಅಂವ ಕೀಲಿಕೈ ಕೊಟ್ರೂ ಸೈ, ಕೊಡ್ಲಿಕ್ರೂ ಸೈ, ಅವತ್ತೇ ಸಂಜೀಕ ಹೊಸಾ ಕೀಲಿ ಹಾಕ್ತಿದ್ದೆ. ಮಂದಿ ಮ್ಯಾಲ ಸಂಶ್ಯಾ ಅಲ್ಲ ಅದು. ನಾಳೆ ಏನರ ಕಡಿಮಿ ಬಿತ್ತಂದ್ರ ಅವನ ಹೆಸರು ಬರಬಾರ್ದಲ್ಲ."

ಆ ಕೊನೆಯ ಮಾತು ನನಗೆ ಹೊಳೆದಿರಲೇ ಇಲ್ಲ. ಅನುಮತಿ ತೆಗೆಯುವುದು ನಮ್ಮನ್ನು ಕಾಯುವುದಕ್ಕೆ ಅಂದುಕೊಂಡಿದ್ದೆ. ಆದರೆ ಆ ರಾತ್ರಿ 38ರ ಬದಲು 30 ಅಂತ ಬಿದ್ದಿದ್ದರೆ? ಪುಣೆಯಲ್ಲಿ ಬೇರೆ ಕೆಲಸ ಮಾಡಿಕೊಂಡು ಸುಮ್ನೆ ಇರುವ ಹುಡುಗನ ಹೆಸರು ಅಳಿಸಲಾಗದ ವಹಿಯಲ್ಲಿ ಇರುತ್ತಿತ್ತು. ಬ್ಲಾಕ್‌ಚೈನ್‌ನಲ್ಲಿ ಎಂಟ್ರಿ ಅಳಿಸಲು ಬರುವುದಿಲ್ಲ, ಅದರ ಮೇಲೆ ತಿದ್ದುಪಡಿಯ ಇನ್ನೊಂದು ಎಂಟ್ರಿ ಹಾಕಬಹುದು, ಅಷ್ಟೇ. ನಾವೂ ಅದನ್ನೇ ಮಾಡಿದೆವು. ಅವನಿಗೆ ಫೋನ್ ಮಾಡಿ ಎಲ್ಲಾ ಹೇಳಿ, ಕ್ಷಮೆ ಕೇಳಿದೆ. "ಅಕ್ಕಾ, ನಂದೂ ತಪ್ಪದ, ಕೀ ಅಲ್ಲೇ ಬಿಟ್ಟಿದ್ದೆ" ಅಂದ.

ಇಂಥದ್ದು ನಮ್ಮಂಥ ಸಣ್ಣವರಿಗೆ ಮಾತ್ರ ಆಗುತ್ತದೆ ಅಂದುಕೊಳ್ಳಬೇಡಿ. 2022ರ ರೋನಿನ್ ಪ್ರಕರಣ ಓದಿದರೆ ಎದೆ ಧಸಕ್ಕೆನ್ನುತ್ತದೆ. ಆಕ್ಸಿ ಇನ್ಫಿನಿಟಿ ಅನ್ನುವ ಆಟದ ಹಿಂದಿದ್ದ ಬ್ಲಾಕ್‌ಚೈನ್ ಅದು. ಹಣ ಹೊರಗೆ ಹೋಗಬೇಕಾದರೆ ವಹಿವಾಟಿಗೆ ಒಪ್ಪಿಗೆ ಕೊಡುವ 9 ವ್ಯಾಲಿಡೇಟರ್‌ಗಳಲ್ಲಿ 5 ಸಹಿ ಬೇಕಿತ್ತು. ಅದರಲ್ಲಿ 4 ಸ್ಕೈ ಮಾವಿಸ್ ಅನ್ನುವ ಒಂದೇ ಕಂಪನಿಯ ಕೈಯಲ್ಲಿದ್ದವು. 2021ರ ನವೆಂಬರ್‌ನಲ್ಲಿ ಬಳಸುವವರು ಜಾಸ್ತಿ ಆಗಿ ಹೊರೆ ಹೆಚ್ಚಾಯಿತು ಅಂತ, ಆ ಆಟದ ಸಮುದಾಯದ ಸಂಘಟನೆ ಆಕ್ಸಿ ಡಿಎಒ ತನ್ನ ಪರವಾಗಿ ಸಹಿ ಹಾಕಲು ಆ ಕಂಪನಿಗೆ ಅನುಮತಿ ಕೊಟ್ಟಿತು. ಡಿಸೆಂಬರ್‌ನಲ್ಲಿ ಆ ಏರ್ಪಾಡು ನಿಂತಿತು. ಅನುಮತಿ ಮಾತ್ರ ಯಾರೂ ವಾಪಸ್ ತೆಗೆಯಲಿಲ್ಲ. ಕಂಪನಿಯೊಳಗೆ ನುಗ್ಗಿದ ಕಳ್ಳರಿಗೆ 4 ಕೀ ಸಿಕ್ಕವು, ಆ ಮರೆತ ಅನುಮತಿಯಿಂದ ಐದನೇದು ಸಿಕ್ಕಿತು. 2022ರ ಮಾರ್ಚ್ 23ರಂದು 1,73,600 ಈಥರ್ ಮತ್ತು 2.55 ಕೋಟಿ ಯುಎಸ್‌ಡಿಸಿ ಅನ್ನುವ ಡಿಜಿಟಲ್ ಹಣ ಹೋಯಿತು. ಗೊತ್ತಾಗಿದ್ದು 29ಕ್ಕೆ, ಅದೂ ಒಬ್ಬ ಬಳಕೆದಾರ ತನ್ನ ಹಣ ತೆಗೆಯಲು ಆಗುತ್ತಿಲ್ಲ ಅಂತ ದೂರು ಕೊಟ್ಟ ಮೇಲೆ. ಸಹಿಯ ಹಿಂದಿನ ಗಣಿತ ಯಾರೂ ಮುರಿಯಲಿಲ್ಲ. ಸಹಿಗಳೆಲ್ಲಾ ಸರಿಯಾದ ಸಹಿಗಳೇ.

ಅದನ್ನು ಓದಿದಾಗ ನನಗೆ ಹೆಚ್ಚು ಚುಚ್ಚಿದ್ದು ಒಂದೇ ಕೈಯಲ್ಲಿದ್ದ ಆ 4 ಕೀ. ಯಾಕೆಂದರೆ ಮೊದಲ ವರ್ಷ ನಮ್ಮಲ್ಲೂ ಹಾಗೇ ಇತ್ತು. ನಾಲ್ಕೂ ಸದಸ್ಯರ ಅಡ್ಮಿನ್ ಕೀ ನಮ್ಮ ಕೋಣೆಯ ಒಂದೇ ಲ್ಯಾಪ್‌ಟಾಪ್‌ನಲ್ಲಿ! ರೈತರ ಗುಂಪಿನವರು ನಮಗೇನು ತಿಳಿತದ ನೀವೇ ಇಟ್ಕೋರಿ ಅಂದರು, ಮಿಲ್ಲಿನವರೂ ಅಷ್ಟೇ. ನಾವು ಇಟ್ಟುಕೊಂಡೆವು. ಆದರೆ ನಾಲ್ಕೂ ಕೀ ಒಬ್ಬರ ಹತ್ತಿರ ಇದ್ದರೆ ಬ್ಲಾಕ್‌ಚೈನ್ ಯಾಕೆ ಬೇಕು? ಒಂದು ಎಕ್ಸೆಲ್ ಶೀಟ್ ಸಾಕಿತ್ತು. ಕಾಗದದ ಮೇಲೆ ನಾಲ್ಕು ಸದಸ್ಯರು, ನಿಜದಲ್ಲಿ ನಾವು ಮೂರು ಜನ. ಯಾರಾದರೂ ಆ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿದ್ದರೆ ಜಾಲವೇ ಅವರದಾಗುತ್ತಿತ್ತು. ಗಿರಾಕಿಗೆ ಬೇಸರ ಆದರೂ ಪರವಾಗಿಲ್ಲ, ಅವರ ಅಡ್ಮಿನ್ ಕೀ ಅವರೇ ಇಟ್ಟುಕೊಳ್ಳಬೇಕು ಅಂತ ಈಗ ಪಟ್ಟು ಹಿಡಿಯುತ್ತೇನೆ. ರೈತರ ಗುಂಪಿಗೆ ಎರಡು ದಿನ ಹಿಡಿಯಿತು. ಗುಂಪಿನ ಕಾರ್ಯದರ್ಶಿ ಅಕ್ಕ ಈಗ ತಾವೇ ಸಹಿ ಹಾಕುತ್ತಾರೆ, ಮೊದಲು ಏನು ಬದಲಾಗುತ್ತಿದೆ ಹೇಳು ಅಂತ ನನ್ನನ್ನು ಕೂರಿಸಿ ಕೇಳುತ್ತಾರೆ. ಅವರು ಹಾಗೆ ಕೇಳಿದಾಗೆಲ್ಲಾ ನನಗೆ ನೆಮ್ಮದಿ.

ಇದರಲ್ಲಿ ಇನ್ನೊಂದು ಎಚ್ಚರ ಬೇಕು. ಚಾನೆಲ್‌ನ ದೊಡ್ಡ ಬದಲಾವಣೆಗೆ ಅರ್ಧಕ್ಕಿಂತ ಜಾಸ್ತಿ ಸದಸ್ಯರ ಅಡ್ಮಿನ್ ಸಹಿ ಬೇಕು ಅನ್ನುವುದು ಸಾಮಾನ್ಯ ನಿಯಮ. ನಾಲ್ಕರಲ್ಲಿ ಅರ್ಧಕ್ಕಿಂತ ಜಾಸ್ತಿ ಅಂದರೆ ಮೂರು. ಇಬ್ಬರು ಕೀ ಕಳೆದುಕೊಂಡರೆ ಕಥೆ ಮುಗೀತು, ಹೊಸ ಸದಸ್ಯರನ್ನು ಸೇರಿಸಲೂ ಆಗುವುದಿಲ್ಲ. ಅದಕ್ಕೆ ಪ್ರತಿ ಸಂಸ್ಥೆಗೂ ಇಬ್ಬರು ಅಡ್ಮಿನ್, ಇಬ್ಬರ ಕೀ ಬೇರೆ ಬೇರೆ ಊರಲ್ಲಿ.

ಯಾರು ಏನು ಬರೆಯಬಹುದು ಅನ್ನುವುದನ್ನು ನಾವು ಸರ್ಟಿಫಿಕೇಟ್ ಒಳಗೇ ಗುಣದ ಹಾಗೆ ಹಾಕುತ್ತೇವೆ. ಕಾಟಾದವರಿಗೆ ತೂಕ ಮಾತ್ರ, ತೇವಾಂಶ ನೋಡುವವರಿಗೆ ತೇವಾಂಶ ಮಾತ್ರ. ತೇವಾಂಶ ಸಣ್ಣ ವಿಷಯ ಅಲ್ಲ, ಬೆಂಬಲ ಬೆಲೆಗೆ ಕೊಡಬೇಕಾದರೆ 12 ಪರ್ಸೆಂಟ್ ಮೀರಬಾರದು, ಅಲ್ಲಿ ಒಂದು ಅಂಕಿ ಆಚೀಚೆ ಆದರೆ ರೈತ ಗಾಡಿ ತಿರುಗಿಸಿಕೊಂಡು ಹೋಗಬೇಕು. ಎಂಟ್ರಿ ಬಂದಾಗ ಚೈನ್‌ಕೋಡ್, ಅಂದರೆ ಜಾಲದ ನಿಯಮ ಬರೆದ ಪ್ರೋಗ್ರಾಂ, ಆ ಗುಣ ಇದೆಯಾ ನೋಡಿ ಒಳಗೆ ಬಿಡುತ್ತದೆ. ಚೆನ್ನಾಗಿ ನಡೆಯುತ್ತದೆ. ಆದರೆ ಒಬ್ಬರ ಕೆಲಸ ಬದಲಾಯಿತು ಅಂತ ಸಿಎಯಲ್ಲಿ ಗುಣ ತಿದ್ದಿದರೆ ಸಾಲದು. ಹಳೇ ಸರ್ಟಿಫಿಕೇಟ್‌ನಲ್ಲಿ ಹಳೇ ಗುಣ ಅಚ್ಚಾಗಿ ಕೂತಿರುತ್ತದೆ, ಅದರ ಅವಧಿ ಮುಗಿಯುವವರೆಗೆ ನಡೆಯುತ್ತಲೇ ಇರುತ್ತದೆ. ಫ್ಯಾಬ್ರಿಕ್ ಸಿಎ ತಾನಾಗಿ ಕೊಡುವ ಅವಧಿ ಒಂದು ವರ್ಷ. ಹೊಸದು ತೆಗೆಸಿ, ಹಳೇದನ್ನು ರದ್ದು ಪಟ್ಟಿಗೆ ಹಾಕಿದರೆ ಮಾತ್ರ ಬದಲಾವಣೆ ಆದ ಹಾಗೆ. ಹೊಸಬರನ್ನು ಸೇರಿಸುವಾಗ ಕೊಡುವ ಗುಪ್ತಪದವೂ ಹಾಗೇ, ಮಿತಿ ಹಾಕದಿದ್ದರೆ ಅದೇ ಪದದಿಂದ ಎಷ್ಟು ಸಲ ಬೇಕಾದರೂ ಸರ್ಟಿಫಿಕೇಟ್ ತೆಗೆಯಬಹುದು. ವಾಟ್ಸಾಪ್‌ನಲ್ಲಿ ಕಳಿಸಿದ ಗುಪ್ತಪದ ಯಾರ ಯಾರ ಫೋನ್‌ನಲ್ಲಿ ಉಳಿದಿರುತ್ತದೋ! ನಾವು ಈಗ ಒಂದೇ ಸಲ ಅಂತ ಮಿತಿ ಇಟ್ಟಿದ್ದೇವೆ.

ಓದುವ ಅನುಮತಿ ಬಗ್ಗೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಬರೆಯುವುದನ್ನು ನಾಳೆಯಿಂದ ನಿಲ್ಲಿಸಬಹುದು, ಓದಿದ್ದನ್ನು ವಾಪಸ್ ತೆಗೆಯಲು ಬರುವುದಿಲ್ಲ. ಚಾನೆಲ್‌ಗೆ ಸೇರಿದ ಪ್ರತಿ ಸದಸ್ಯರ ಪೀರ್‌ನಲ್ಲೂ ಪೂರ್ತಿ ಲೆಡ್ಜರ್‌ನ ಪ್ರತಿ ಇರುತ್ತದೆ. ಸದಸ್ಯರನ್ನು ಹೊರಗೆ ಹಾಕಿದರೂ ಅವರ ಹತ್ತಿರದ ಹಳೇ ಪ್ರತಿ ಅವರದೇ. ಅದಕ್ಕೆ ರೈತರ ಫೋನ್ ನಂಬರ್, ಆಧಾರ್, ಬ್ಯಾಂಕ್ ಖಾತೆ ಲೆಡ್ಜರ್ ಮೇಲೆ ಹಾಕಲು ನಾನು ಒಪ್ಪಲಿಲ್ಲ, ಖರೀದಿದಾರರು ಎರಡು ಸಲ ಕೇಳಿದರೂ ಒಪ್ಪಲಿಲ್ಲ. ದರ ಮಿಲ್ಲಿಗೂ ಖರೀದಿದಾರರಿಗೂ ಮಾತ್ರ ಗೊತ್ತಿರಬೇಕಿತ್ತು, ಅದನ್ನು ಪ್ರೈವೇಟ್ ಡೇಟಾ ಕಲೆಕ್ಷನ್‌ನಲ್ಲಿ ಇಟ್ಟೆವು. ಆಗ ಆ ಇಬ್ಬರ ಪೀರ್‌ನಲ್ಲಿ ನಿಜವಾದ ಅಂಕಿ ಇರುತ್ತದೆ, ಉಳಿದವರಿಗೆ ಅದರ ಹ್ಯಾಶ್, ಅಂದರೆ ಆ ಅಂಕಿಯಿಂದ ಲೆಕ್ಕ ಹಾಕಿ ತೆಗೆದ ಗುರುತು, ಮಾತ್ರ.

ಕ್ಲೌಡ್ ಕಡೆಯದು ಎಲ್ಲರೂ ಹೇಳುವುದೇ. ಎಲ್ಲಾ ಹಕ್ಕೂ ಇರುವ ರೂಟ್ ಖಾತೆಗೆ ಎಂಎಫ್ಎ, ಅಂದರೆ ಪಾಸ್‌ವರ್ಡ್ ಜೊತೆ ಇನ್ನೊಂದು ಪುರಾವೆ ಕೇಳುವ ಲಾಗಿನ್, ಹಾಕಿ, ದಿನದ ಕೆಲಸಕ್ಕೆ ಅದನ್ನು ಮುಟ್ಟಬೇಡಿ, ಪಾಲಿಸಿಯಲ್ಲಿ ನಕ್ಷತ್ರ ಹಾಕಿ ಎಲ್ಲದಕ್ಕೂ ಹೂಂ ಅನ್ನಬೇಡಿ. ಐಎಎಂನಲ್ಲಿ ಹೇಳದೇ ಇದ್ದದ್ದೆಲ್ಲಾ ಬೇಡ ಅಂತಲೇ ಅರ್ಥ, ಮತ್ತು ಬೇಡ ಅಂತ ಬರೆದದ್ದು ಯಾವ ಬೇಕಿಗಿಂತಲೂ ಮೇಲು. ನೋಡ್ ಅಳಿಸುವ ಹಕ್ಕನ್ನು ಹಂಗಾಮಿನಲ್ಲಿ ಎಲ್ಲರಿಗೂ ಬೇಡ ಅಂತ ಹಾಕಿಡುತ್ತೇವೆ, ನನಗೂ ಸೇರಿಸಿ.

ಸೇವೆಯೇ ನಿಂತು ಹೋದರೆ ಅನ್ನುವುದನ್ನೂ ಯೋಚಿಸಬೇಕು. ಮೈಕ್ರೋಸಾಫ್ಟ್‌ನ ಅಜೂರ್ ಬ್ಲಾಕ್‌ಚೈನ್ ಸರ್ವೀಸ್ 2021ರ ಸೆಪ್ಟೆಂಬರ್ 10ಕ್ಕೆ ಮುಚ್ಚಿತು. ಅದರ ಮೇಲೆ ಕಟ್ಟಿದವರೆಲ್ಲಾ ಅಷ್ಟರೊಳಗೆ ಬೇರೆ ಕಡೆ ಹೋಗಬೇಕಾಯಿತು. ಹಾಗಾಗಿ ನಮ್ಮ ಸಿಎಯ ಮೂಲ ಕೀ ಎಲ್ಲಿದೆ, ಅದನ್ನು ಹೊರಗೆ ಒಯ್ಯಬಹುದಾ ಅನ್ನುವುದು ಕ್ಲೌಡ್ ಆರಿಸುವ ದಿನ ಕೇಳಬೇಕಾದ ಪ್ರಶ್ನೆ.

ಈಗ ನಮ್ಮ ಕೋಣೆಯ ಗೋಡೆ ಮೇಲೆ ಒಂದು ದೊಡ್ಡ ಹಾಳೆ ಅಂಟಿಸಿದ್ದೇವೆ. ಜನರ ಹೆಸರು ಒಂದು ಕಡೆ, ಯಂತ್ರಗಳ ಹೆಸರು ಇನ್ನೊಂದು ಕಡೆ, ಯಾಕೆಂದರೆ ಕಾಟಾ ಕಂಪ್ಯೂಟರ್‌ಗೂ ಈಗ ತನ್ನದೇ ಸರ್ಟಿಫಿಕೇಟ್ ಇದೆ. ಪ್ರತಿ ಹೆಸರಿನ ಮುಂದೆ ಮೂರು ಬಾಗಿಲು, ಮತ್ತು ಸರ್ಟಿಫಿಕೇಟ್ ಮುಗಿಯುವ ದಿನ. ತಿಂಗಳ ಮೊದಲ ಸೋಮವಾರ ಮೂವರೂ ನಿಂತು ಓದುತ್ತೇವೆ.

ಗೋದಾಮಿನವರ ಸರ್ಟಿಫಿಕೇಟ್ ಫೆಬ್ರವರಿ 4ಕ್ಕೆ ಮುಗಿಯುತ್ತದೆ, ಹಂಗಾಮಿನ ನಟ್ಟ ನಡುವೆ. ಕೋಣೆಯಲ್ಲೇ ಕೂತು ಹೊಸದು ಮಾಡಿ ಕಳಿಸಬಹುದಿತ್ತು, ಆದರೆ ಹಾಗೆ ಮಾಡಿದರೆ ಅವರ ಪ್ರೈವೇಟ್ ಕೀ ನನ್ನ ಲ್ಯಾಪ್‌ಟಾಪ್‌ನಲ್ಲಿ ಹುಟ್ಟುತ್ತದೆ. ಅದು ಅವರ ಯಂತ್ರದಲ್ಲೇ ಹುಟ್ಟಿ ಅಲ್ಲೇ ಇರಬೇಕು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಚಿತ್ತಾಪುರಕ್ಕೆ ಹೊರಟಿದ್ದೇನೆ.